ಕುರ್ಚಿ, ಕಾಮ, ಕಾಸು

ಮೊದಲು ಒಂದು ಕೋರ್ಟ್ ಕೇಸಿನ ಕತೆ ಹೇಳಿಬಿಡುತ್ತೇನೆ. ತುಂಬಾ ಹಳೆಯದು, ಕ್ರಿಸ್ತಪೂರ್ವ 449ರದ್ದು. ಊರು ರೋಮ್. ಎಲ್ಲರಿಗೂ ಕಾಣುವ ಹಾಗೆ ಕಾನೂನು ಬರೆದಿಡಬೇಕು ಅಂತ ಜನ ಹಟ ಹಿಡಿದಿದ್ದರಿಂದ ಹತ್ತು ಮಂದಿಯ ಒಂದು ಸಮಿತಿ ಮಾಡಿದ್ದರು. ಬರವಣಿಗೆ ಮುಗಿಯುವವರೆಗೆ ಮಿಕ್ಕ ಅಧಿಕಾರಿಗಳೆಲ್ಲ ಮನೆಗೆ. ಬಡವರ ಪರವಾಗಿ ತಡೆ ಹಾಕುತ್ತಿದ್ದ ಟ್ರಿಬ್ಯೂನರೂ ಇಲ್ಲ. ಈ ಹತ್ತು ಜನ ಕೊಟ್ಟ ತೀರ್ಪಿಗೆ ಅಪೀಲೂ ಇಲ್ಲ. ಇವರಲ್ಲಿ ಮುಖ್ಯನಾದವನು ಅಪ್ಪಿಯಸ್ ಕ್ಲಾಡಿಯಸ್.

ಇವನ ಕಣ್ಣು ವರ್ಜೀನಿಯಾ ಅನ್ನುವ ಹುಡುಗಿಯ ಮೇಲೆ ಬಿತ್ತು. ಅವಳ ಅಪ್ಪ ದಂಡಿನಲ್ಲಿದ್ದ, ಊರಲ್ಲಿ ಇರಲಿಲ್ಲ. ಅವಳಿಗೆ ಮದುವೆಯೂ ಗೊತ್ತಾಗಿತ್ತು. ಅಪ್ಪಿಯಸ್ ಮೊದಲು ದುಡ್ಡು ತೋರಿಸಿದ, ಆಸೆ ಹಚ್ಚಿದ. ಆಕೆ ಒಪ್ಪಲಿಲ್ಲ. ಎತ್ತಿಕೊಂಡು ಹೋಗಲೂಬಹುದಿತ್ತು, ಆ ಕಾಲದಲ್ಲಿ ಕೇಳುವವರು ಯಾರು? ಅವನು ಹಾಗೆ ಮಾಡಲಿಲ್ಲ. ತನ್ನ ಹಿಂಬಾಲಕನೊಬ್ಬನ ಕೈಲಿ ಕೇಸು ಹಾಕಿಸಿದ. 'ಇವಳು ನನ್ನ ಮನೆಯ ದಾಸಿಗೆ ಹುಟ್ಟಿದವಳು, ಕದ್ದು ಬೇರೆ ಮನೆಗೆ ಸೇರಿಸಿದ್ದಾರೆ, ನನಗೆ ವಾಪಸ್ ಕೊಡಿಸಿ' ಅಂತ ಕೇಸು. ವಿಚಾರಣೆ ಯಾರ ಮುಂದೆ? ಅಪ್ಪಿಯಸ್‌ನ ಮುಂದೆಯೇ. ಅಪ್ಪನಿಗೆ ರಜೆ ಕೊಡಬೇಡಿ ಅಂತ ದಂಡಿಗೆ ಕಾಗದವೂ ಹೋಯಿತು. ಆದರೆ ಅಪ್ಪ ಅಷ್ಟರಲ್ಲಿ ಹೊರಟುಬಿಟ್ಟಿದ್ದ. ಮಾರನೇ ದಿನ ಅಪ್ಪಿಯಸ್ ಕುರ್ಚಿಯಲ್ಲಿ ಕೂತು, ಹುಡುಗಿ ದಾಸಿಯೇ ಹೌದು ಅಂತ ತೀರ್ಪು ಕೊಟ್ಟ. ಅಪ್ಪ ಅವಳನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ, ಕಸಾಯಿ ಅಂಗಡಿಯ ಚೂರಿ ತೆಗೆದು, ತಾನೇ ಕೊಂದ.

ಇತಿಹಾಸಕಾರ ಲಿವಿ ಇದನ್ನು ವಿವರವಾಗಿ ಬರೆದಿದ್ದಾನೆ. ಎಷ್ಟು ನಡೆದದ್ದು, ಎಷ್ಟು ಕಟ್ಟಿದ್ದು ಅಂತ ವಿದ್ವಾಂಸರು ಜಗಳ ಆಡುತ್ತಾರೆ, ಆಡಲಿ. ನನಗೆ ಸಿಟ್ಟು ಬರಿಸುವುದು ಬೇರೆ ವಿಷಯ. ಇಷ್ಟುದ್ದದ ಕತೆಯಲ್ಲಿ ಆ ಹುಡುಗಿಗೆ ಒಂದೇ ಒಂದು ಮಾತಿಲ್ಲ. ಕಾಮ ಅವನದ್ದು, ಮರ್ಯಾದೆ ಅಪ್ಪನದ್ದು, ಸಾವು ಮಾತ್ರ ಅವಳದ್ದು.

ಈಗ ನಿಮಗೊಂದು ಪ್ರಶ್ನೆ. ಅಪ್ಪಿಯಸ್ ಮಾಡಿದ್ದರಲ್ಲಿ ಭ್ರಷ್ಟಾಚಾರ ಎಲ್ಲಿದೆ? ಹುಡುಗಿಯ ಮೇಲೆ ಆಸೆಪಟ್ಟಿದ್ದರಲ್ಲಾ? ಅಂಥ ಆಸೆ ಆ ಬೀದಿಯಲ್ಲಿ ಹೋಗುತ್ತಿದ್ದ ಹತ್ತು ಹುಡುಗರಿಗೆ ಇದ್ದಿರಬಹುದು. ತನಗೆ ಬೇಕಾದ ವಸ್ತುವಿನ ಕೇಸನ್ನು ತಾನೇ ಕೂತು ತೀರ್ಮಾನಿಸಿದ್ದರಲ್ಲಿದೆ. ರೋಮಿನ ಜನಕ್ಕೂ ಹಾಗೇ ಅನ್ನಿಸಿತು ಅಂತ ಕಾಣುತ್ತದೆ. ಸೈನ್ಯ ದಂಗೆ ಎದ್ದಿತು, ಸಾಮಾನ್ಯ ಜನ ಊರು ಬಿಟ್ಟು ಹೊರಗೆ ಹೋಗಿ ಕೂತರು, ಹತ್ತು ಜನರೂ ಇಳಿಯಬೇಕಾಯಿತು. ಆಮೇಲೆ ಬಂದ ಕಾನೂನುಗಳನ್ನು ನೋಡಿ. ಅಧಿಕಾರಿಗಳು ಬ್ರಹ್ಮಚರ್ಯ ಪಾಲಿಸಬೇಕು ಅಂತ ಯಾರೂ ಬರೆಯಲಿಲ್ಲ. ಅಪೀಲಿಲ್ಲದ ಯಾವ ಹುದ್ದೆಯನ್ನೂ ಇನ್ನು ಮುಂದೆ ಸೃಷ್ಟಿಸಬಾರದು ಅಂತ ಬರೆದರು. ಟ್ರಿಬ್ಯೂನರನ್ನು ವಾಪಸ್ ತಂದರು. ತಮಾಷೆ ಕೇಳಿ, ಅಪ್ಪಿಯಸ್‌ನನ್ನು ಹಿಡಿದು ಜೈಲಿಗೆ ಹಾಕಲು ಬಂದಾಗ ಅವನು ಕೂಗಿದ್ದು ಏನು ಗೊತ್ತಾ? 'ನಾನು ಅಪೀಲು ಹೋಗುತ್ತೇನೆ' ಅಂತ.

ಆದರೆ ತತ್ವಶಾಸ್ತ್ರ ಈ ದಾರಿ ಹಿಡಿಯಲಿಲ್ಲ. ಬಹಳ ಜನ ತತ್ವಜ್ಞಾನಿಗಳು ಕುರ್ಚಿಯನ್ನು ಬಿಟ್ಟು ಹಾಸಿಗೆಯ ಕಡೆ ನೋಡಿದರು. ಅವರಲ್ಲಿ ದೊಡ್ಡವನು ಪ್ಲೇಟೊ. ಅವನು ಕಲ್ಪಿಸಿದ ಆದರ್ಶ ರಾಜ್ಯದಲ್ಲಿ ಕಾವಲುಗಾರರಿಗೆ, ಅಂದರೆ ಆಳುವ ವರ್ಗಕ್ಕೆ, ಸ್ವಂತ ಆಸ್ತಿ ಇಲ್ಲ. ಚಿನ್ನ ಬೆಳ್ಳಿ ಮುಟ್ಟುವ ಹಾಗಿಲ್ಲ. ಊಟ ಒಟ್ಟಿಗೆ, ವಾಸ ಒಟ್ಟಿಗೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ಲಂಚದ ವಿರುದ್ಧದ ಒಂದು ನಿಯಮ ಅಂತ ಸುಮ್ನೆ ಓದಿಕೊಂಡು ಹೋಗಬಹುದಿತ್ತು. ಅವನು ಮುಂದೆ ಹೋಗಿ, ಅವರಿಗೆ ಸ್ವಂತ ಹೆಂಡತಿಯೂ ಇರಬಾರದು, ಸ್ವಂತ ಮಕ್ಕಳೂ ಇರಬಾರದು ಅಂದ. ಯಾರ ಮಗು ಯಾರದು ಅಂತ ಹೆತ್ತವರಿಗೂ ಗೊತ್ತಾಗಬಾರದು.

ಯಾಕೆ? ಕಾಮ ಕೆಟ್ಟದ್ದು ಅಂತ ಪ್ಲೇಟೊ ಇಲ್ಲಿ ಹೇಳುತ್ತಿಲ್ಲ. ಅವನ ಭಯ ಇರುವುದು 'ನನ್ನದು' ಅನ್ನುವುದರ ಮೇಲೆ. ನನ್ನ ಹೆಂಡತಿ, ನನ್ನ ಮಗ, ನನ್ನ ಮನೆ ಅಂತ ಶುರುವಾದ ತಕ್ಷಣ ಊರಿನ ಹಣ ಆ ಮನೆಯ ಕಡೆ ಹರಿಯುತ್ತದೆ. ಅವನ ರಾಜ್ಯ ಹಾಳಾಗಲು ಶುರುವಾಗುವುದು ಎಲ್ಲಿಂದ ಅನ್ನುವುದೂ ಸ್ವಾರಸ್ಯವಾಗಿದೆ. ಯುದ್ಧದಿಂದಲ್ಲ, ಬರಗಾಲದಿಂದಲ್ಲ. ಆಳುವವರು ಗಂಡು ಹೆಣ್ಣುಗಳನ್ನು ಕೂಡಿಸುವ ಕಾಲದ ಲೆಕ್ಕ ತಪ್ಪುತ್ತಾರೆ. ಹೊತ್ತಲ್ಲದ ಹೊತ್ತಲ್ಲಿ ಮಕ್ಕಳು ಹುಟ್ಟುತ್ತಾರೆ. ಆ ಮಕ್ಕಳು ದೊಡ್ಡವರಾಗಿ ಭೂಮಿ ಹಂಚಿಕೊಳ್ಳುತ್ತಾರೆ, ಗುಟ್ಟಾಗಿ ಚಿನ್ನ ಕೂಡಿಡುತ್ತಾರೆ, ಗೋಡೆ ಕಟ್ಟಿಕೊಂಡ ಮನೆಗಳ ಒಳಗೆ ಹೆಂಗಸರಿಗೂ ತಮಗೆ ಬೇಕಾದವರಿಗೂ ಅದನ್ನು ಖರ್ಚು ಮಾಡುತ್ತಾರೆ. ಮೊದಲು ಹಾಸಿಗೆಯ ಲೆಕ್ಕ ತಪ್ಪಿತು, ಆಮೇಲೆ ಖಜಾನೆಯ ಲೆಕ್ಕ.

ಅವನ ಶಿಷ್ಯ ಅರಿಸ್ಟಾಟಲ್‌ಗೆ ಇದು ಹಿಡಿಸಲಿಲ್ಲ. ಸಾವಿರ ಜನರ ಮಗ ಅಂದರೆ ಯಾರೂ ಸರಿಯಾಗಿ ನೋಡಿಕೊಳ್ಳದ ಮಗ ಅಂತ ಅವನ ವಾದ. ಕೆಡುಕು ಇರುವುದು ಮನುಷ್ಯನ ದುಷ್ಟತನದಲ್ಲಿ, ಆಸ್ತಿ ಸ್ವಂತದ್ದು ಅನ್ನುವುದರಲ್ಲಲ್ಲ ಅಂತಲೂ ಹೇಳಿದ. ನಾನು ಅರಿಸ್ಟಾಟಲ್ ಕಡೆ. ಆದರೂ ಪ್ಲೇಟೊವನ್ನು ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ. ನಮ್ಮ ಕಡೆ ಮದುವೆ ಮಾತುಕತೆಯಲ್ಲಿ ಹುಡುಗನ ಸಂಬಳ ಎಷ್ಟು ಅಂತ ಕೇಳಿ, ಆಮೇಲೆ ದನಿ ತಗ್ಗಿಸಿ 'ಗಿಂಬಳ?' ಅಂತ ಕೇಳುವ ಮಾವಂದಿರನ್ನು ನೀವೂ ನೋಡಿರುತ್ತೀರಿ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಗಿಂಬಳ ಇರುವ ಹುಡುಗನಿಗೆ ಜಾಸ್ತಿ ಬೇಡಿಕೆ ಇರುವವರೆಗೆ ಮದುವೆಯೇ ಲಂಚಕ್ಕೆ ಬೆಲೆ ಕಟ್ಟುವ ಜಾಗ ಆಗಿರುತ್ತದೆ. ಪ್ಲೇಟೊ ಬಂದು ನೋಡಿದ್ದರೆ 'ನಾನು ಹೇಳಿರಲಿಲ್ಲವಾ' ಅಂತಿದ್ದ.

ಇನ್ನೊಂದು ಮಾತು ಪ್ಲೇಟೊದಲ್ಲಿ ಇದೆ. ಸುಮಾರು ಜನ ಅದನ್ನು ಗಮನಿಸುವುದಿಲ್ಲ. ಒಳ್ಳೆಯ ಅಪ್ಪನ ಮಗ ಯಾಕೆ ಕೆಡುತ್ತಾನೆ ಅಂತ ವಿವರಿಸುವಾಗ ಅವನು ಅಮ್ಮನನ್ನು ತರುತ್ತಾನೆ. ಗಂಡ ಅಧಿಕಾರದಲ್ಲಿ ಇಲ್ಲ, ಅದರಿಂದ ಬೇರೆ ಹೆಂಗಸರ ಮುಂದೆ ತನಗೆ ಬೆಲೆ ಇಲ್ಲ, ದುಡ್ಡಿನ ಬಗ್ಗೆ ಆತನಿಗೆ ಗಮನವೇ ಇಲ್ಲ ಅಂತ ಆಕೆ ಮಗನ ಮುಂದೆ ಗೊಣಗುತ್ತಾಳೆ. ನಿನ್ನಪ್ಪ ಗಂಡಸೇ ಅಲ್ಲ ಅನ್ನುವ ಹಾಗೆ ಮಾತಾಡುತ್ತಾಳೆ. ಮಗ ಅಲ್ಲಿಂದ ದಾರಿ ತಪ್ಪುತ್ತಾನೆ. ನೋಡಿ, ಎರಡು ಸಾವಿರ ವರ್ಷಗಳ ಹಿಂದೆಯೇ ಈ ಸಾಲು ರೆಡಿ ಇತ್ತು. ಸಾಹೇಬರು ಒಳ್ಳೆಯವರು, ಅಮ್ಮಾವ್ರ ಕಾಟಕ್ಕೆ ತಗೋತಾರೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಗಾಂಧೀಜಿ ತಮ್ಮ ಆತ್ಮಕತೆಯಲ್ಲಿ ಒಂದು ಘಟನೆ ಬರೆದಿದ್ದಾರೆ. 1901ರಲ್ಲಿ ದಕ್ಷಿಣ ಆಫ್ರಿಕಾದಿಂದ ಹೊರಟಾಗ ಅಲ್ಲಿನ ಭಾರತೀಯರು ಬೀಳ್ಕೊಡುಗೆಯಲ್ಲಿ ಚಿನ್ನ, ಬೆಳ್ಳಿ, ವಜ್ರದ ಉಡುಗೊರೆ ಕೊಟ್ಟರು. ಕಸ್ತೂರ್‌ಬಾಗೆ ಐವತ್ತು ಗಿನಿ ಬೆಲೆಯ ಚಿನ್ನದ ಹಾರ. ಗಾಂಧಿಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಜನಸೇವೆಗೆ ಬಂದ ಉಡುಗೊರೆ ಜನರದ್ದೇ ಅಂತ ನಿರ್ಧಾರ ಮಾಡಿ, ಎಲ್ಲವನ್ನೂ ಟ್ರಸ್ಟಿಗೆ ಕೊಡುವ ಕಾಗದ ಬರೆದರು. ಮೊದಲು ಮಕ್ಕಳನ್ನು ಒಪ್ಪಿಸಿದರು. ಕಸ್ತೂರ್‌ಬಾ ಒಪ್ಪಲಿಲ್ಲ. ನಾಳೆ ಸೊಸೆಯರು ಬರುತ್ತಾರೆ, ಅವರಿಗೆ ಏನು ಹಾಕಲಿ ಅಂತ ಕೇಳಿದರು. ಹಾರ ಬಂದದ್ದು ನಿನ್ನ ಸೇವೆಗೋ ನನ್ನ ಸೇವೆಗೋ ಅಂತ ಗಾಂಧಿ ಕೇಳಿದರು. ಅದಕ್ಕೆ ಆಕೆ ಕೊಟ್ಟ ಉತ್ತರ ಚೆನ್ನಾಗಿದೆ. ನಿಮ್ಮ ಸೇವೆ ಅಂದರೆ ನನ್ನ ಸೇವೆಯೂ ಹೌದು, ಹಗಲು ರಾತ್ರಿ ನಿಮಗೋಸ್ಕರ ದುಡಿದಿದ್ದೇನೆ, ಅದು ಸೇವೆ ಅಲ್ವಾ, ಸಿಕ್ಕಸಿಕ್ಕವರನ್ನೆಲ್ಲ ನನ್ನ ತಲೆಗೆ ಕಟ್ಟಿದಿರಲ್ಲ, ಅವರಿಗೆಲ್ಲ ಜೀತದವಳ ಹಾಗೆ ಮಾಡಿದೆನಲ್ಲ, ಅನ್ನುವ ಅರ್ಥದ ಮಾತು. ಅದು ಚುರುಕಾಗಿಯೇ ತಾಕಿತು ಅಂತ ಗಾಂಧಿಯೂ ಒಪ್ಪುತ್ತಾರೆ. ಆದರೆ ಹಾರ ಮಾತ್ರ ಟ್ರಸ್ಟಿಗೇ ಹೋಯಿತು.

ಗಾಂಧಿ ಮಾಡಿದ್ದು ಸರಿ. ಸಾರ್ವಜನಿಕ ಕೆಲಸಕ್ಕೆ ಬಂದ ಉಡುಗೊರೆ ಮನೆಗೆ ಹೋಗಬಾರದು. ಆದರೆ ಕಸ್ತೂರ್‌ಬಾ ಮಾತು ದುರಾಸೆಯ ಮಾತಾ? ನನಗೆ ಅದು ಕೂಲಿ ಕೇಳುವ ಮಾತಿನ ಹಾಗೆ ಕೇಳಿಸುತ್ತದೆ. ಲೆಕ್ಕಕ್ಕೆ ಬರದ ಕೆಲಸ ಮಾಡಿದ ಹೆಂಗಸಿಗೆ ಒಡವೆ ಬಿಟ್ಟು ಬೇರೆ ಉಳಿತಾಯ ಏನಿತ್ತು? ಐದು ವರ್ಷ ಆದ ಮೇಲೆ, 1906ರಲ್ಲಿ, ಗಾಂಧಿ ಬ್ರಹ್ಮಚರ್ಯದ ವ್ರತ ತೊಟ್ಟರು. ಅಲ್ಲೂ ಅವರ ಯೋಚನೆ ಇದೇ: ಹೆಂಡತಿ ಬಸುರಿಯಾಗಿದ್ದರೆ ತಾನು ಜುಲು ದಂಗೆಯ ಗಾಯಾಳುಗಳ ಸೇವೆಗೆ ಧುಮುಕಲು ಆಗುತ್ತಿರಲಿಲ್ಲ, ಸಂಸಾರವೂ ಜನಸೇವೆಯೂ ಒಟ್ಟಿಗೆ ಆಗುವ ಮಾತಲ್ಲ. ಪ್ಲೇಟೊ ಹೇಳಿದ್ದನ್ನೇ ಗಾಂಧಿ ತಮ್ಮ ಮೈಮೇಲೆ ಪ್ರಯೋಗ ಮಾಡಿದರು ಅನ್ನಬಹುದು.

ನಮ್ಮಲ್ಲಿ ಹನ್ನೆರಡನೇ ಶತಮಾನದಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಆದ ಒಂದು ಸಂಸಾರ ಇತ್ತು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಅವನು ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ಏನಂದಳು? 'ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?' ಅಂದಳು. 'ಈಸಕ್ಕಿಯಾಸೆ ನಿಮಗೇಕೆ?' ಅಂತ ಕೇಳಿ ವಾಪಸ್ ಕಳಿಸಿದಳು. ಇಲ್ಲಿ ಮನೆಯೇ ಲೆಕ್ಕ ತನಿಖೆ ಮಾಡುವ ಜಾಗ, ಹೆಂಡತಿಯೇ ಆಡಿಟರ್. ಸಂಸಾರ ಇದ್ದರೆ ಆಸೆ ಹುಟ್ಟಿಯೇ ತೀರುತ್ತದೆ ಅನ್ನುವ ಪ್ಲೇಟೊನ ಲೆಕ್ಕಕ್ಕೆ ಲಕ್ಕಮ್ಮ ಸಿಗುವುದಿಲ್ಲ. ಆಸೆಯನ್ನು ಆಕೆ ಎಲ್ಲಿಟ್ಟಳು ನೋಡಿ. ಅರಸನ ಹತ್ತಿರ. ಅಪ್ಪಿಯಸ್‌ನ ಕತೆ ಕೇಳಿದ್ದರೆ ಆಕೆಗೆ ಆಶ್ಚರ್ಯ ಆಗುತ್ತಿರಲಿಲ್ಲ.

ಅಲ್ಲಮನ ವಚನ ನಿಮಗೆಲ್ಲ ಬಾಯಿಗೆ ಬರುತ್ತದೆ. ಹೊನ್ನು ಮಾಯೆಯಲ್ಲ, ಹೆಣ್ಣು ಮಾಯೆಯಲ್ಲ, ಮಣ್ಣು ಮಾಯೆಯಲ್ಲ, ಮನದ ಮುಂದಣ ಆಸೆಯೇ ಮಾಯೆ. ಹೆಣ್ಣನ್ನು ಆ ಪಟ್ಟಿಯಿಂದ ಬಿಡಿಸಿದ್ದಕ್ಕೆ ಅವನಿಗೆ ಎಷ್ಟು ಕೃತಜ್ಞರಾದರೂ ಕಮ್ಮಿಯೇ. ಆದರೆ ಆಡಳಿತ ನಡೆಸುವವರಿಗೆ ಒಂದು ತೊಂದರೆ ಇದೆ. ಆಸೆಯನ್ನು ಹಿಡಿದು ತಪಾಸಣೆ ಮಾಡುವುದು ಹೇಗೆ?

ಆಸೆಯನ್ನು ಬೇರು ಸಮೇತ ಕೀಳಲು ಹೊರಟವರ ಕತೆಯನ್ನು ಬೇಗ ಹೇಳಿಬಿಡುತ್ತೇನೆ. ಹನ್ನೊಂದನೇ ಶತಮಾನದ ಯುರೋಪಿನಲ್ಲಿ ಕ್ರೈಸ್ತ ಪಾದ್ರಿಗಳಿಗೆ ಹೆಂಡತಿ ಮಕ್ಕಳು ಇರುವುದು ಸಾಮಾನ್ಯವಾಗಿತ್ತು. ಚರ್ಚಿನ ಜಮೀನು ಮಗನ ಕೈಗೆ ಜಾರುತ್ತಿತ್ತು. ಚರ್ಚಿನ ಹುದ್ದೆಗಳು ದುಡ್ಡಿಗೆ ಮಾರಾಟ ಆಗುತ್ತಿದ್ದವು. 1022ರಲ್ಲಿ ಪಾವಿಯಾದಲ್ಲಿ ಸೇರಿದ ಸಭೆ ಪಾದ್ರಿಗಳ ಮಕ್ಕಳನ್ನು ಚರ್ಚಿನ ಜೀತದವರು ಅಂತ ಸಾರಿತು. ತಪ್ಪು ಅಪ್ಪಂದು, ಜೀತ ಮಕ್ಕಳಿಗೆ. 1074ರಲ್ಲಿ ಪೋಪ್ ಏಳನೇ ಗ್ರೆಗರಿ ಹುದ್ದೆ ಮಾರಾಟ ಮತ್ತು ಪಾದ್ರಿಗಳ ಸಂಸಾರ, ಎರಡರ ಮೇಲೂ ಒಟ್ಟಿಗೆ ಯುದ್ಧ ಸಾರಿದ. 1139ರಲ್ಲಿ ಲ್ಯಾಟರನ್ ಸಭೆ ಅಂಥ ಮದುವೆಗಳು ಮದುವೆಯೇ ಅಲ್ಲ ಅಂದಿತು. ಆಯ್ತಾ, ಭ್ರಷ್ಟಾಚಾರ ನಿಂತಿತಾ? ಮಕ್ಕಳ ಜಾಗಕ್ಕೆ ಅಣ್ಣನ ಮಕ್ಕಳು, ತಂಗಿಯ ಮಕ್ಕಳು ಬಂದರು. ಪೋಪ್‌ಗಳು ಅವರನ್ನೇ ಕಾರ್ಡಿನಲ್ ಮಾಡಿದರು, ಅಂದರೆ ಪೋಪ್ ಬಿಟ್ಟರೆ ಚರ್ಚಿನ ಅತಿ ದೊಡ್ಡ ಹುದ್ದೆ ಕೊಟ್ಟರು, ಜಮೀನು ಬರೆದುಕೊಟ್ಟರು. 1492ರಲ್ಲಿ ಪೋಪ್ ಆದ ಆರನೇ ಅಲೆಕ್ಸಾಂಡರ್ ಅಂತೂ ಸ್ವಂತ ಮಗನನ್ನೇ ಕಾರ್ಡಿನಲ್ ಮಾಡಿದ. ನೆಂಟರಿಗೆ ಹಂಚುವುದನ್ನು ನಿಲ್ಲಿಸಿ ಅಂತ ಹನ್ನೆರಡನೇ ಇನ್ನೊಸೆಂಟ್ ಆಜ್ಞೆ ಹೊರಡಿಸಿದ್ದು 1692ರಲ್ಲಿ. ಹೆಂಡತಿಯನ್ನು ತೆಗೆದು ಹಾಕಿ ಐದೂವರೆ ಶತಮಾನ ಆದ ಮೇಲೆ.

ಇವರೆಲ್ಲರಿಗಿಂತ ತಣ್ಣಗೆ ಯೋಚನೆ ಮಾಡಿದವನು ಕೌಟಿಲ್ಯ. ಅವನಿಗೆ ಪಾಪದ ಗೊಡವೆ ಇಲ್ಲ, ನೌಕರಿಗೆ ಯಾರನ್ನು ಹಾಕಬೇಕು ಅನ್ನುವುದು ಅವನ ಪ್ರಶ್ನೆ. ಅರ್ಥಶಾಸ್ತ್ರದ ಮೊದಲ ಅಧಿಕರಣದಲ್ಲಿ ಅಮಾತ್ಯರನ್ನು ಗುಟ್ಟಾಗಿ ಪರೀಕ್ಷೆ ಮಾಡುವ ನಾಲ್ಕು ಬಗೆ ಹೇಳುತ್ತಾನೆ. ಧರ್ಮದ ಪರೀಕ್ಷೆ, ಹಣದ ಪರೀಕ್ಷೆ, ಕಾಮದ ಪರೀಕ್ಷೆ, ಭಯದ ಪರೀಕ್ಷೆ. ಕಾಮದ ಪರೀಕ್ಷೆ ಹೀಗೆ: ಅರಮನೆಯಲ್ಲಿ ಗೌರವ ಇರುವ ಒಬ್ಬ ಸಂನ್ಯಾಸಿನಿ ಒಬ್ಬೊಬ್ಬ ಅಧಿಕಾರಿಯ ಹತ್ತಿರ ಹೋಗಿ, ಪಟ್ಟದ ರಾಣಿಗೆ ನಿನ್ನ ಮೇಲೆ ಮನಸ್ಸಾಗಿದೆ, ಭೇಟಿಗೆ ಏರ್ಪಾಡೂ ಆಗಿದೆ, ದೊಡ್ಡ ಸಂಪತ್ತೂ ನಿನ್ನ ಕೈ ಸೇರುತ್ತದೆ ಅಂತ ಪಿಸುಗುಡುತ್ತಾಳೆ. ಇವತ್ತಿನ ಪೇಪರಿನಲ್ಲಾದರೆ ಹನಿಟ್ರ್ಯಾಪ್ ಅಂತ ಹಾಕುತ್ತಾರೆ. ಒಪ್ಪದವನು ಪಾಸು.

ನನಗೆ ಬಹಳ ಹಿಡಿಸುವುದು ಇದರ ನಂತರದ ಸಾಲುಗಳು. ಕಾಮದ ಪರೀಕ್ಷೆಯಲ್ಲಿ ಪಾಸಾದವನಿಗೆ ಖಜಾನೆ ಕೊಡು ಅಂತ ಕೌಟಿಲ್ಯ ಹೇಳುವುದಿಲ್ಲ. ಅವನನ್ನು ವಿಹಾರದ ಸ್ಥಳಗಳ ಕಾವಲಿಗೆ ಹಾಕು ಅನ್ನುತ್ತಾನೆ. ಹಣದ ಪರೀಕ್ಷೆಯಲ್ಲಿ ಗೆದ್ದವನಿಗೆ ಕಂದಾಯ ಮತ್ತು ಭಂಡಾರ. ಧರ್ಮದಲ್ಲಿ ಗೆದ್ದವನಿಗೆ ನ್ಯಾಯಸ್ಥಾನ. ಭಯದಲ್ಲಿ ಗೆದ್ದವನು ರಾಜನ ಪಕ್ಕ. ಎಲ್ಲದರಲ್ಲೂ ಗೆದ್ದವನು ಮಂತ್ರಿ. ಎಲ್ಲದರಲ್ಲೂ ಸೋತವನನ್ನು ಗಣಿಗೆ, ಕಾಡಿಗೆ, ಕಾರ್ಖಾನೆಗೆ ಕಳಿಸು. ಗಣಿ ಅಂದಾಗ ನೀವು ನಗುವುದು ಯಾಕೆ ಅಂತ ನನಗೆ ಗೊತ್ತು. ಬಳ್ಳಾರಿ ಕಂಡ ನಾಡಿನಲ್ಲಿ ಆ ಸಲಹೆ ಸ್ವಲ್ಪ ಕಹಿಯೇ.

ಹೆಣ್ಣಿನ ವಿಷಯದಲ್ಲಿ ಶುದ್ಧನಾದವನು ದುಡ್ಡಿನ ವಿಷಯದಲ್ಲೂ ಶುದ್ಧ ಇರುತ್ತಾನೆ ಅನ್ನುವ ನಂಬಿಕೆಯೇ ಅವನಿಗೆ ಇಲ್ಲ. ನಮಗೆ ಅದು ಇನ್ನೂ ಬಿಟ್ಟಿಲ್ಲ. ಆಫೀಸರ್ ಬಗ್ಗೆ ಮಾತು ಬಂದರೆ 'ಹೆಂಗಸರ ಸುದ್ದಿಗೆ ಹೋಗೋದಿಲ್ಲ, ಕುಡಿಯೋದಿಲ್ಲ, ತುಂಬಾ ಒಳ್ಳೆಯವರು' ಅನ್ನುತ್ತೇವೆ. ಫೈಲು ಮುಂದೆ ಹೋಗಲು ಎಷ್ಟು ತಗೊಂಡರು ಅನ್ನುವುದು ಆಮೇಲೆ, ಅದೂ ಬೇರೆ ದನಿಯಲ್ಲಿ. ಕೌಟಿಲ್ಯ ಹಣದ ವಿಷಯದಲ್ಲಿ ಯಾರ ಚಾರಿತ್ರ್ಯವನ್ನೂ ನೆಚ್ಚಿಕೊಳ್ಳಲಿಲ್ಲ. ನಾಲಿಗೆಯ ಮೇಲಿಟ್ಟ ಜೇನನ್ನು ರುಚಿ ನೋಡದೆ ಇರಲು ಹೇಗೆ ಆಗುವುದಿಲ್ಲವೋ ಹಾಗೆ ರಾಜನ ಹಣ ಮುಟ್ಟುವವನು ಒಂಚೂರಾದರೂ ರುಚಿ ನೋಡದೆ ಇರಲಾರ ಅಂದ. ನೀರೊಳಗಿನ ಮೀನು ಯಾವಾಗ ನೀರು ಕುಡಿಯಿತು ಅಂತ ಹೇಳಲು ಬರುವುದಿಲ್ಲ ಅಂದ. ಹಣ ನುಂಗುವ ನಲವತ್ತು ದಾರಿಗಳನ್ನು ಪಟ್ಟಿ ಮಾಡಿದ. ಮದ್ದು ಮಾತ್ರ ಲೆಕ್ಕಪತ್ರ, ತಪಾಸಣೆ, ವರ್ಗಾವಣೆ.

ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ. ರಾಣಿಯ ಹೆಸರು ಹೇಳುವ ಆ ಪರೀಕ್ಷೆ ಹಿಂದಿನ ಆಚಾರ್ಯರದ್ದು, ತನ್ನ ಅಭಿಪ್ರಾಯ ಬೇರೆ ಅನ್ನುತ್ತಾನೆ. ಈ ಪರೀಕ್ಷೆಗಳಲ್ಲಿ ರಾಜ ತನ್ನನ್ನಾಗಲಿ ರಾಣಿಯನ್ನಾಗಲಿ ಗುರಿಯಾಗಿ ಇಡಬಾರದು. ಕೆಡದವನನ್ನು ಪರೀಕ್ಷೆಯ ಹೆಸರಿನಲ್ಲಿ ಕೆಡಿಸಬಾರದು, ಒಮ್ಮೆ ಕೆಟ್ಟ ಮನಸ್ಸಿಗೆ ಮದ್ದು ಸಿಗದೆ ಹೋಗಬಹುದು. ಹನಿಟ್ರ್ಯಾಪ್ ಮಾಡಿಸುವವರು ಈ ಸಾಲನ್ನು ಓದಿದ್ದರೆ ಚೆನ್ನಾಗಿತ್ತು.

ಹಾಗಾದರೆ ಕಾಮ, ಭ್ರಷ್ಟಾಚಾರ ಎರಡಕ್ಕೂ ಸಂಬಂಧವೇ ಇಲ್ಲವಾ? ಇದೆ. ಅಪ್ಪಿಯಸ್ ಕೂತ ಕುರ್ಚಿಯಲ್ಲಿ ಇದೆ. ತನ್ನ ಕೈಯಲ್ಲಿರುವ ಸಹಿ, ಮಾರ್ಕ್ಸ್, ಪರ್ಮಿಟ್, ಜಾಮೀನು, ಇದನ್ನು ಕೊಡಲು ದುಡ್ಡಿನ ಬದಲು ಮೈ ಕೇಳುವುದು. ಅಲ್ಲಿ ಲಂಚವೂ ಕಾಮವೂ ಒಂದೇ ಕೃತ್ಯ. 2008ರಲ್ಲಿ ಅಂತಾರಾಷ್ಟ್ರೀಯ ಮಹಿಳಾ ನ್ಯಾಯಾಧೀಶರ ಸಂಘ ಇದಕ್ಕೆ ಸೆಕ್ಸ್‌ಟಾರ್ಷನ್ ಅಂತ ಹೆಸರಿಟ್ಟಿತು.

ನಮ್ಮ ಕಾನೂನಿನಲ್ಲಿ 2018 ವಿಚಿತ್ರವಾದ ವರ್ಷ. ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ವ್ಯಭಿಚಾರದ 497ನೇ ಕಲಂ ರದ್ದು ಮಾಡಿತು. ಆ ಕಲಂ ಪ್ರಕಾರ ಗಂಡನ ಒಪ್ಪಿಗೆ ಇದ್ದರೆ ಅಪರಾಧವೇ ಇಲ್ಲ, ಹೆಂಡತಿಯ ಒಪ್ಪಿಗೆ ಲೆಕ್ಕಕ್ಕೇ ಇಲ್ಲ. ಪ್ಲೇಟೊ ಹೆದರಿದ 'ನನ್ನದು' ಕಾನೂನಿನ ಪುಸ್ತಕದಲ್ಲೇ ಕೂತಿತ್ತು. ದೊಡ್ಡವರಿಬ್ಬರು ಒಪ್ಪಿ ನಡೆದುಕೊಂಡದ್ದಕ್ಕೆ ಪೊಲೀಸರು ಬೇಡ ಅಂತ ಕೋರ್ಟ್ ಹೇಳಿತು. ಅದಕ್ಕೆ ಎರಡು ತಿಂಗಳು ಮೊದಲು, ಜುಲೈ 26ಕ್ಕೆ, ಭ್ರಷ್ಟಾಚಾರ ತಡೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದಿತ್ತು. ಲಂಚ ಅಂದರೆ ಹಣವೇ ಆಗಬೇಕಿಲ್ಲ, ದುಡ್ಡಿನಲ್ಲಿ ಅಳೆಯಲು ಬಾರದ ಲಾಭವೂ ಲಂಚವೇ ಅಂತ ಕಾಯ್ದೆ ಹೇಳುತ್ತದೆ. ಮೈ ಕೇಳಿದ್ದೂ ಅದರೊಳಗೆ ಬರುತ್ತದೆ.

ಒಳ್ಳೆಯದಾಯಿತು ಅಂದುಕೊಂಡರೆ ಅದೇ ಕಾಯ್ದೆಯ 8ನೇ ಕಲಂ ಇದೆ. ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರಿಗೆ ವಿನಾಯಿತಿ ಇದೆ, ಆದರೆ 7 ದಿನದೊಳಗೆ ದೂರು ಕೊಡಬೇಕು. ದುಡ್ಡಿನ ಲಂಚಕ್ಕೆ ಈ ನಿಯಮ ಸರಿ ಇರಬಹುದು. ಸಹಿಗೋಸ್ಕರ ಮೈ ಒಪ್ಪಿಸಬೇಕಾಗಿ ಬಂದ ಹೆಂಗಸು ಏಳು ದಿನದಲ್ಲಿ ಸ್ಟೇಷನ್ನಿಗೆ ಹೋಗದಿದ್ದರೆ ಕಾಯ್ದೆಯ ಅಕ್ಷರದ ಪ್ರಕಾರ ಅವಳು ಯಾರು? ಲಂಚ ಕೊಟ್ಟವಳಾ? ರೋಮಿನ ಲುಕ್ರೀಷಿಯಾಳ ಮೇಲೆ ರಾಜಕುಮಾರ ಅತ್ಯಾಚಾರ ಮಾಡಿದ ಕತೆಯನ್ನು ಚರ್ಚಿಸುತ್ತಾ ಸಂತ ಅಗಸ್ಟೀನ್ ಹಳೆಯದೊಂದು ಮಾತನ್ನು ಮೆಚ್ಚಿ ಎತ್ತಿಕೊಳ್ಳುತ್ತಾನೆ: ಅಲ್ಲಿ ಇದ್ದವರು ಇಬ್ಬರು, ತಪ್ಪು ಮಾಡಿದವನು ಒಬ್ಬನೇ. ಸುಮಾರು ಸಾವಿರದ ಆರುನೂರು ವರ್ಷಗಳ ಹಿಂದೆ ಅವನು ಬರೆದದ್ದು 8ನೇ ಕಲಂಗೆ ಇನ್ನೂ ಮುಟ್ಟಿಲ್ಲ.

ಸಾಕ್ಷಿಯ ವಿಷಯ ಇನ್ನೊಂದು. ಲೋಕಾಯುಕ್ತರ ಟ್ರ್ಯಾಪ್ ಹೇಗಿರುತ್ತದೆ ನಿಮಗೆ ಗೊತ್ತು. ನೋಟಿಗೆ ಫಿನಾಫ್ತಲೀನ್ ಪುಡಿ ಹಚ್ಚುತ್ತಾರೆ, ತಗೊಂಡವನ ಕೈಯನ್ನು ಸೋಡಾ ನೀರಿನಲ್ಲಿ ತೊಳೆಸುತ್ತಾರೆ, ನೀರು ಗುಲಾಬಿ ಬಣ್ಣಕ್ಕೆ ತಿರುಗಿದರೆ ಸಿಕ್ಕಿಬಿದ್ದ. ಇಲ್ಲಿ ಪುಡಿ ಯಾವುದಕ್ಕೆ ಹಚ್ಚುವುದು? ಅದಕ್ಕೇ ಇಂಥ ದೂರುಗಳು ಲೈಂಗಿಕ ಕಿರುಕುಳದ ಕಲಂ ಕಡೆ ಹೋಗುತ್ತವೆ. ಅಲ್ಲಿ ಆ ಮನುಷ್ಯನ ಕಾಮದ ವಿಚಾರಣೆ ನಡೆಯುತ್ತದೆ, ಅವಳ ಒಪ್ಪಿಗೆಯ ವಿಚಾರಣೆಯೂ ನಡೆಯುತ್ತದೆ, ಕುರ್ಚಿಯ ವಿಚಾರಣೆ ನಡೆಯುವುದಿಲ್ಲ. ಭ್ರಷ್ಟಾಚಾರದ ಕಡೆಗೆ ಹೋದರೆ ಕುರ್ಚಿಯ ವಿಚಾರಣೆ ನಡೆಯುತ್ತದೆ, ಅವಳಿಗೆ ಆದ ಗಾಯದ ಬಗ್ಗೆ ಆ ಫೈಲಿನಲ್ಲಿ ಜಾಗ ಇರುವುದಿಲ್ಲ.

ಇವೆರಡನ್ನೂ ಸೇರಿಸಿ ನೋಡಿದ ಒಂದು ಕಲಂ ನಮ್ಮ ದೇಶದಲ್ಲಿ ಇತ್ತು. 2018ರ ಡಿಸೆಂಬರ್‌ನಲ್ಲಿ ಜಮ್ಮು ಕಾಶ್ಮೀರ ತನ್ನ ರಣಬೀರ್ ದಂಡ ಸಂಹಿತೆಗೆ 354ಇ ಅಂತ ಸೇರಿಸಿತು. ಕೊಡುವ ಅಥವಾ ತಡೆಹಿಡಿಯುವ ಅಧಿಕಾರ ತನಗಿರುವ ಯಾವುದೇ ಅನುಕೂಲಕ್ಕೆ ಬದಲಾಗಿ ಹೆಣ್ಣಿನಿಂದ ಮೈ ಕೇಳುವುದು ಅಪರಾಧ ಅಂತ ಬರೆದರು. ಜೊತೆಗೆ ಅಲ್ಲಿನ ಭ್ರಷ್ಟಾಚಾರ ತಡೆ ಕಾಯ್ದೆಗೂ ಅದನ್ನು ದುರ್ನಡತೆ ಅಂತ ಸೇರಿಸಿದರು. 2019ರ ಅಕ್ಟೋಬರ್ 31ಕ್ಕೆ ರಾಜ್ಯ ಎರಡು ಕೇಂದ್ರಾಡಳಿತ ಪ್ರದೇಶಗಳಾದಾಗ ರಣಬೀರ್ ಸಂಹಿತೆ ಹೋಯಿತು, ಅದರ ಜೊತೆ 354ಇ ಕೂಡ. ಒಂದು ವರ್ಷವೂ ತುಂಬಿರಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಕಲಂ ವಾಪಸ್ ಬರಲಿಲ್ಲ.